ಆ ಅಜ್ಜಿ ಆ ಮಾತು ಹೇಳಿರ್ಲಿಲ್ಲ

ಭಾಗ 1

ಈ ಸಲ ಮಧುಗಿರಿ ಬೆಟ್ಟದ ಸನ್‌ರೈಸ್ ಫೋಟೊ ಇಲ್ಲ, ಬೇಜಾರ್ ಮಾಡ್ಕೋಬೇಡಿ. ಇದು ಪೇಪರ್ ಕಟಿಂಗು. ಜಿಲ್ಲಾ ಪುಟ, ಕೆಳಗಡೆ ಎಡಕ್ಕೆ, ಎರಡು ಕಾಲಂ. ಹೆಸರು, ಊರು, ಕಂಪನಿ ಎಲ್ಲಾ ಬ್ಲರ್ ಮಾಡಿದೀನಿ. ಪಾವಗಡ ತಾಲ್ಲೂಕಿನ ಒಂದು ಹಳ್ಳೀಲಿ ಒಂದು ಕಂಪನಿ ಶುದ್ಧ ಕುಡಿಯುವ ನೀರಿನ ಘಟಕ ಕಟ್ಟಿಸಿಕೊಟ್ಟ ಸುದ್ದಿ. ಟೇಪ್ ಕತ್ತರಿಸಿದ್ದು, ಹಾರ, ಶಾಲು, ಎಲ್ಲಾ ಇದೆ. ಕೊನೇ ಪ್ಯಾರಾದಲ್ಲಿ ಒಬ್ಬ ಅಜ್ಜಿ ಮಾತಾಡ್ತಾರೆ: 'ನಮ್ಮ ಗ್ರಾಮಕ್ಕೆ ಶುದ್ಧ ನೀರು ದೊರೆತಿರುವುದು ಅತೀವ ಹರ್ಷದ ಸಂಗತಿ. ಬಹುದಿನಗಳ ಕನಸು ನನಸಾಗಿದೆ.'

ಆ ಅಜ್ಜಿ ಈ ಮಾತು ಹೇಳಿಲ್ಲ. ನಾನು ಬರೆದೆ. ಆ ಊರಿಂದ ನೂರು ಕಿಲೋಮೀಟರ್ ಆಚೆ, ತುಮಕೂರಿನ ಒಂದು ಆಫೀಸಲ್ಲಿ, ಫ್ಯಾನ್ ಕೆಳಗೆ ಕೂತ್ಕೊಂಡು, ಟೀ ಕುಡೀತಾ ಬರೆದೆ. ನನ್ನ ಪಿಆರ್ ಇಂಟರ್ನ್‌ಶಿಪ್‌ನ ಆರನೇ ದಿನ ಅದು.

ಮುಂದಿನ ಸೆಮಿಸ್ಟರ್‌ಗೆ ನಮ್ಮ ಕ್ಲಾಸಿಂದ, ಜೂನಿಯರ್ಸ್ ಕಡೆಯಿಂದ ಎಷ್ಟೋ ಜನ ಇದೇ ಕೆಲಸಕ್ಕೆ ಹೋಗ್ತೀರ ಅಂತ ಗೊತ್ತು. 'ಪಿಆರ್ ಚೆನ್ನಾಗಿರತ್ತಂತೆ ಕಣೆ, ಬರೀ ಮಾತಾಡೋದಂತೆ' ಅಂತ ಮೆಸೇಜ್ ಮಾಡಿದೀರ. ಅದಕ್ಕೇ ಬರೀತಿದೀನಿ. ಇದು ರಿವ್ಯೂ ಅಲ್ಲ, ಜಗಳ.

ಭಾಗ 2

ಮೊದಲು ಕೆಲಸ ಏನು ಅಂತ ಹೇಳ್ತೀನಿ. ಬೆಳಗ್ಗೆ ಪೇಪರ್‌ಗಳ ಕಟ್ಟು ಬರತ್ತೆ. ಕ್ಲೈಂಟ್ ಹೆಸರು ಎಲ್ಲೆಲ್ಲಿ ಬಂದಿದೆ ಹುಡುಕಬೇಕು, ಕತ್ತರಿಸಬೇಕು, ಎ4 ಹಾಳೆಗೆ ಅಂಟಿಸಿ ತಾರೀಖು ಬರೆದು ಸ್ಕ್ಯಾನ್ ಮಾಡ್ಬೇಕು. ಮಧ್ಯಾಹ್ನ ಪತ್ರಿಕಾ ಪ್ರಕಟಣೆ ಬರಿಯೋದು. ಮೊದಲ ಪ್ಯಾರಾದಲ್ಲಿ ಯಾರು, ಏನು, ಎಲ್ಲಿ, ಯಾವಾಗ. ಎರಡನೇದರಲ್ಲಿ ಕಂಪನಿಯ ದೊಡ್ಡವರ ಮಾತು. ಮೂರನೇದರಲ್ಲಿ 'ಫಲಾನುಭವಿ'ಯ ಮಾತು. ಕೊನೇಲಿ ಕಂಪನಿ ಬಗ್ಗೆ ನಾಲ್ಕು ಸಾಲು, ಅದು ಎಲ್ಲಾ ಪ್ರಕಟಣೆಗೂ ಒಂದೇ, ಬದಲಾಗಲ್ಲ.

'ನುಡಿಯಲ್ಲಿ ಒಂದು ಫೈಲು, ಯೂನಿಕೋಡಲ್ಲಿ ಒಂದು ಫೈಲು, ಎರಡೂ ಕಳ್ಸಮ್ಮ. ಪೇಪರ್‌ನೋರು ಟೈಪ್ ಮಾಡ್ಕೊಳ್ಳೋ ಹಂಗಿರಬಾರ್ದು' ಅಂದ್ರು ಸೀನಿಯರ್. ಆಮೇಲೆ ಅರ್ಥ ಆಯ್ತು ಯಾಕೆ ಅಂತ. ಒಂದು ಪ್ರಕಟಣೇಲಿ ನಾನು 'ಫಲಾನುಭವಿ' ಬದಲು 'ಪಲಾನುಭವಿ' ಅಂತ ಹೊಡೆದಿದ್ದೆ. ಮಾರನೇ ದಿನ ಮೂರು ಪತ್ರಿಕೇಲಿ ಸುದ್ದಿ ಬಂತು, ಮೂರರಲ್ಲೂ 'ಪಲಾನುಭವಿ'. ನನಗೆ ನಾಚಿಕೆ ಆಯ್ತು, ಆಫೀಸಲ್ಲಿ ಎಲ್ರಿಗೂ ಖುಷಿ. ಒಂದಕ್ಷರ ಮುಟ್ಟದೆ ಹಾಕಿದಾರೆ ಅಂದ್ರೆ ಅದು ಗೆಲುವಂತೆ.

ನಾವು ಮನೇಲಿ ಪೇಪರ್ ಓದುವಾಗ ಅದನ್ನ ಬರೆದಿದ್ದು ವರದಿಗಾರರು ಅಂದ್ಕೊಳ್ತೀವಲ್ಲ. ಅದರಲ್ಲಿ ಒಂದಷ್ಟು ನಮ್ಮಂಥ ಇಪ್ಪತ್ತು ವರ್ಷದವರು ಬರೆದಿದ್ದು ಕಣ್ರಪ್ಪ. ಹೆಸರಿಲ್ಲದೆ, ಸಂಬಳವೂ ಇಲ್ಲದೆ.

(ಹೌದು, ಸ್ಟೈಪೆಂಡ್ ಸೊನ್ನೆ. ಮಧುಗಿರಿಯಿಂದ ಕೊರಟಗೆರೆ ಮೇಲೆ ತುಮಕೂರಿಗೆ ದಿನಾ ಓಡಾಟ. ಸರ್ಕಾರಿ ಬಸ್ ಸಿಕ್ರೆ ಶಕ್ತಿ ಯೋಜನೇಲಿ ನನಗೆ ಫ್ರೀ. ಪ್ರೈವೇಟ್ ಬಸ್ ಹತ್ತಿದ ದಿನ ಕೈಯಿಂದ ದುಡ್ಡು. ನನ್ನ ಜೊತೆ ಬರ್ತಿದ್ದ ಶಿರಾ ಹುಡುಗನಿಗೆ ಎರಡೂ ಕಡೆ ಟಿಕೆಟ್. ಅವನು ಮೂರನೇ ವಾರಕ್ಕೆ ಬಿಟ್ಟ. ಅವನು ಬಿಟ್ಟಿದ್ದನ್ನ 'ಕಮಿಟ್‌ಮೆಂಟ್ ಇಲ್ಲ' ಅಂದ್ರು.)

ಭಾಗ 3

ಈಗ ನಮ್ಮ ಸಬ್ಜೆಕ್ಟಿಗೆ ಬರೋಣ, ಲೆಕ್ಕಕ್ಕೆ. ಬಿಕಾಂನೋರು ಇದನ್ನ ಸೇವ್ ಮಾಡ್ಕೊಳ್ಳಿ.

ತಿಂಗಳ ಕೊನೇಲಿ ಕ್ಲೈಂಟ್‌ಗೆ ಒಂದು ರಿಪೋರ್ಟ್ ಹೋಗತ್ತೆ. ಅದರಲ್ಲಿ ಎವಿಇ ಅಂತ ಒಂದು ಕಾಲಂ. ಅಡ್ವರ್ಟೈಸಿಂಗ್ ವ್ಯಾಲ್ಯೂ ಈಕ್ವಿವಲೆಂಟ್. ಸ್ಕೇಲ್ ಇಟ್ಟು ಸುದ್ದಿಯ ಉದ್ದ ಅಗಲ ಅಳೀಬೇಕು. ಅಷ್ಟೇ ಜಾಗದಲ್ಲಿ ಜಾಹೀರಾತು ಕೊಟ್ಟಿದ್ರೆ ಎಷ್ಟಾಗ್ತಿತ್ತೋ ಅದು ಸುದ್ದಿಯ 'ಬೆಲೆ'. ಉದಾಹರಣೆಗೆ ಹಿಡ್ಕೊಳ್ಳಿ: 10 ಸೆಂಟಿಮೀಟರ್ ಅಗಲ, 16 ಉದ್ದ, 160 ಚದರ ಸೆಂಟಿಮೀಟರ್. ಜಾಹೀರಾತು ದರ ಒಂದಕ್ಕೆ 200 ರೂಪಾಯಿ ಅಂತಿಟ್ರೆ 32,000. ಅಲ್ಲಿಗೆ ಮುಗೀಲಿಲ್ಲ. ಜಾಹೀರಾತಿಗಿಂತ ಸುದ್ದಿನ ಜನ ಜಾಸ್ತಿ ನಂಬ್ತಾರೆ ಅಂತ ಹೇಳಿ ಅದನ್ನ ಮೂರರಿಂದ ಗುಣಿಸ್ತಾರೆ. 96,000. ಯಾಕೆ ಮೂರು? ಕೇಳ್ದೆ. 'ಇಂಡಸ್ಟ್ರಿ ಸ್ಟ್ಯಾಂಡರ್ಡ್' ಅಂದ್ರು.

ಸ್ಟ್ಯಾಂಡರ್ಡ್ ಅಂದ್ರಲ್ಲ, ಹೋಗಿ ಹುಡುಕಿದೆ. 2010ರಲ್ಲೇ ಬಾರ್ಸಿಲೋನಾದಲ್ಲಿ ಈ ಕ್ಷೇತ್ರದ ಅಳತೆ ಮಾಡೋ ಸಂಸ್ಥೆಗಳೆಲ್ಲ ಸೇರಿ ಕೆಲವು ತತ್ವ ಒಪ್ಕೊಂಡಿದಾರೆ. ಅದರಲ್ಲಿ ಒಂದು ನೇರವಾಗಿ ಇದೇ: ಎವಿಇ ಅನ್ನೋದು ಸಾರ್ವಜನಿಕ ಸಂಪರ್ಕದ ಬೆಲೆ ಅಲ್ಲ. ಆಗ ನಾವು ಅಂಗನವಾಡಿ ವಯಸ್ಸಿನೋರು. ಇವತ್ತಿಗೂ ನಾನು ಸ್ಕೇಲ್ ಹಿಡ್ಕೊಂಡು ಕೂತಿದೀನಿ.

ನಮ್ಮ ಅಕೌಂಟೆನ್ಸಿ ಮೇಷ್ಟ್ರು ಏನ್ ಹೇಳ್ಕೊಟ್ರು? ತಾನೇ ಬೆಳೆಸಿಕೊಂಡ ಗುಡ್‌ವಿಲ್ಲನ್ನ ಆಸ್ತಿ ಅಂತ ಬ್ಯಾಲೆನ್ಸ್ ಶೀಟಲ್ಲಿ ತೋರಿಸೋ ಹಂಗಿಲ್ಲ, ಎಎಸ್ 26. ಬರದ ಲಾಭ ಲೆಕ್ಕಕ್ಕಿಲ್ಲ, ಬರಬಹುದಾದ ನಷ್ಟಕ್ಕೆ ಅವಕಾಶ ಮಾಡಿಡು. ಅಂಗಡಿ ಲೆಕ್ಕದಲ್ಲಿ ಇಷ್ಟು ಹೆದರಿಕೆ ಕಲಿಸಿ ಆಮೇಲೆ ನಮ್ಮನ್ನ ಕಳಿಸೋದು ಎಲ್ಲಿಗೆ? ಯಾರೂ ಕೊಡದ ದುಡ್ಡನ್ನ ಮೂರರಿಂದ ಗುಣಿಸೋ ಜಾಗಕ್ಕೆ.

ಅಜ್ಜಿಯ ಸುದ್ದಿಗೂ ನಾನೇ ಅಳತೆ ಹಿಡಿದೆ. ಅವರು ಹೇಳದ ಮಾತಿಗೂ ಆ ಹಾಳೇಲಿ ಒಂದು ರೇಟು ಬಿತ್ತು.

ಭಾಗ 4

ಸುದ್ದಿ ಬಂದ ಎರಡು ದಿನಕ್ಕೆ ಅತ್ತೆ ಫೋನ್. ನಮ್ಮತ್ತೆ ಮದುವೆಯಾಗಿ ಹೋಗಿರೋದು ಪಾವಗಡ ಕಡೆ. ಯಾವ ಊರು ಅಂತ ಗೆಸ್ ಮಾಡಿರ್ತೀರ. ಆ ಪ್ರಕಟಣೆ ಬರಿಯುವಾಗ ಊರಿನ ಹೆಸರು ಓದಿ 'ಅಯ್ಯೋ ಅತ್ತೆ ಊರು' ಅಂತ ನಾನು ಖುಷಿಯಾಗಿದ್ದೆ, ಅದೂ ನಿಜ. ಒಂದು ಫೋನ್ ಮಾಡಿ ಕೇಳ್ಬೋದಿತ್ತು. ಹೊಳೀಲೇ ಇಲ್ಲ. ಅದಕ್ಕಿಂತ ಕೆಟ್ಟದ್ದು ಏನಂದ್ರೆ, ಕೇಳೋದು ನನ್ನ ಕೆಲಸ ಅಂತಾನೇ ಅನ್ನಿಸ್ಲಿಲ್ಲ.

'ಏನ್ ಮಗ, ಪೇಪರ್‌ನಾಗೆ ನಮ್ಮ ಪಕ್ಕದ ಮನೆ ಅಜ್ಜಿ ಫೋಟೊ ಬಂದೈತೆ. ಅದೇನೋ ಅತೀವ ಹರ್ಷ ಅಂದವ್ಳಂತೆ. ಅವಳಿಗೆ ಕನ್ನಡ ಎಲ್ಲೇ ಬತ್ತದೆ? ಮನೇಲಿ ಬೀದೀಲಿ ಎಲ್ಲಾ ತೆಲುಗೇ. ಯಾರ ಹತ್ರ ಅಂದ್ಲಂತೆ ಇದನ್ನ?'

ಅತ್ತೆ ನಗ್ತಾ ಇದ್ರು. ನನಗೆ ಕಿವಿ ಬಿಸಿಯಾಯ್ತು. ಪಾವಗಡ ಮೂರು ಕಡೆ ಆಂಧ್ರಕ್ಕೆ ಅಂಟಿಕೊಂಡಿರೋ ತಾಲ್ಲೂಕು, ತೆಲುಗು ಅಲ್ಲಿ ಮನೆಮಾತು ಅಂತ ಮಧುಗಿರಿಯಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿಲ್ವಾ? ಗೊತ್ತು. ಆದ್ರೆ ಪ್ರಕಟಣೆಯೊಳಗಿನ ಅಜ್ಜಿಗೆ ಊರು, ಭಾಷೆ, ಮಂಡಿ, ಸಿಟ್ಟು ಯಾವುದೂ ಇರಲ್ಲ. ಅವರಿಗೆ ಇರೋದು ಹರ್ಷ ಒಂದೇ. ನೀವೂ ಇವತ್ತಿಂದ ಗಮನಿಸಿ ನೋಡಿ: ಪೇಪರಲ್ಲಿ ಹಳ್ಳಿಯವರು ಹತ್ತನೇ ಕ್ಲಾಸ್ ಪ್ರಬಂಧದ ಕನ್ನಡದಲ್ಲಿ ಸಂತೋಷ ಪಟ್ರೆ, ಅಲ್ಲಿ ಎಲ್ಲೋ ಒಬ್ಬ ಇಂಟರ್ನ್ ಕೂತಿದಾಳೆ ಅಂತ ಅರ್ಥ.

ಭಾಗ 5

ಸೀನಿಯರ್‌ಗೆ ಹೇಳಿದೆ. ಅವರು ಕೆಟ್ಟವರಲ್ಲ, ಊಟ ತಂದಿಲ್ಲ ಅಂದ್ರೆ ಅವರ ಡಬ್ಬಿ ಹಂಚ್ಕೊಳ್ತಿದ್ರು. ಅವರು ಅಂದಿದ್ದು: 'ಅದರಲ್ಲಿ ಏನ್ ತಪ್ಪಿದೆ? ನೀರು ಕೊಟ್ಟಿದಾರೆ ತಾನೇ? ಅಜ್ಜಿಗೆ ಖುಷಿ ಆಗೇ ಆಗಿರತ್ತೆ. ನೀನು ಅದನ್ನ ಚೆಂದ ಮಾಡಿ ಬರ್ದಿದೀಯ ಅಷ್ಟೇ.'

ಈ 'ಆಗೇ ಆಗಿರತ್ತೆ' ಮೇಲೇ ನನ್ನ ಜಗಳ ಇರೋದು. ಸುಳ್ಳು ಸಣ್ಣದು ದೊಡ್ಡದು ಅಂತಲ್ಲ. ಆ ಎರಡು ಸಾಲು ಜಾಗದಲ್ಲಿ ಅವರು ನಿಜಕ್ಕೂ ಏನು ಹೇಳ್ತಿದ್ರೋ ಅದು ಬರ್ಬೇಕಿತ್ತು. ನಾನು ಅಲ್ಲಿ ಹರ್ಷ ತುಂಬಿದೆ, ಜಾಗ ಮುಗೀತು. ಕಂಪನಿಯವರು ಓದಿದ್ರು, ಎಲ್ಲಾ ಸರಿ ಇದೆ ಅಂದ್ಕೊಂಡ್ರು. ಪಂಚಾಯ್ತಿಯವರು ಓದಿದ್ರು, ಫೈಲ್ ಮುಚ್ಚಿದ್ರು. ಸಾರ್ವಜನಿಕ ಸಂಪರ್ಕ ಅನ್ನೋ ಪದ ನೋಡಿ, ಸಂಪರ್ಕ ಅಂದ್ರೆ ಎರಡು ತುದಿ ಬೇಕು. ಈ ಕಡೆ ತುದೀಲಿ ಕ್ಲೈಂಟ್, ಆ ಕಡೆ ತುದೀಲೂ ಕ್ಲೈಂಟ್‌ನ ಇಂಟರ್ನ್ ಅಜ್ಜಿಯ ಸೀರೆ ಉಟ್ಕೊಂಡು ಕೂತಿದ್ರೆ ಅದು ಯಾವ ಸಂಪರ್ಕ?

ಭಾಗ 6

ಆಫೀಸಲ್ಲಿ 'ಒಳ್ಳೇ ಸ್ಟೋರಿ ಅಂದ್ರೆ ಇದು' ಅಂತ ಉದಾಹರಣೆಗೆ ತೋರಿಸ್ತಿದ್ದಿದ್ದು ಯಾವುದು ಗೊತ್ತಾ? ನಮ್ಮ ಪಾವಗಡದ ಸೋಲಾರ್ ಪಾರ್ಕ್. ಡ್ರೋನ್ ಫೋಟೊ, ನೀಲಿ ಸಮುದ್ರದ ಹಂಗೆ ಪ್ಯಾನೆಲ್ಲು, ಕೆಳಗೆ ಒಂದೇ ಸಾಲು: ಬರಡು ನೆಲ ಬೆಳಕಾಯಿತು. ನಾನೂ ಪಿಯುಸಿಲಿ ಇದ್ದಾಗ ಅಂಥ ರೀಲ್ ಹಾಕಿ ಲೈಕ್ ತಗೊಂಡೋಳೇ, ಡಿಲೀಟ್ ಮಾಡಿಲ್ಲ, ಕೆಳಗೆ ಹೋದ್ರೆ ಸಿಗತ್ತೆ.

ನ್ಯಾಯವಾಗಿ ಹೇಳ್ಬೇಕು. ಇದು ನಿಜವಾಗ್ಲೂ ದೊಡ್ಡ ಕೆಲಸ. ತಿರುಮಣಿ ಸುತ್ತ ಐದು ಹಳ್ಳಿ, ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. 2018ರ ಮಾರ್ಚ್ 1ಕ್ಕೆ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಉದ್ಘಾಟನೆ ಮಾಡಿದ್ರು, 2019ರ ಕೊನೇ ಹೊತ್ತಿಗೆ ಪೂರ್ತಿ ಶುರುವಾಯ್ತು. ರೈತರ ಜಮೀನು ಕಿತ್ಕೊಂಡಿಲ್ಲ, ಗುತ್ತಿಗೆಗೆ ತಗೊಂಡ್ರು. ಪಹಣಿ ಅವರ ಹೆಸರಲ್ಲೇ ಇದೆ. ಮಳೆ ನಂಬ್ಕೊಂಡು ಕಡ್ಲೆಕಾಯಿ ಹಾಕಿ ಬೀಜದ ದುಡ್ಡೂ ಬರದ ಊರಲ್ಲಿ ವರ್ಷ ವರ್ಷ ದುಡ್ಡು ಬರೋದು ಸಣ್ಣ ಮಾತಲ್ಲ. ಇದನ್ನ ಬೈಯೋಕೆ ನಾನು ಬಂದಿಲ್ಲ.

ಆದ್ರೆ 'ಬರಡು' ಅನ್ನೋ ಪದ ಯಾರು ಹಾಕಿದ್ದು? ಕಡ್ಲೆಕಾಯಿ ಬೆಳೀತಿದ್ದ, ಕುರಿ ಮೇಯ್ತಿದ್ದ ನೆಲ ಅದು. ಆ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಕೂಲಿ ತಗೋತಿದ್ದ, ಸ್ವಂತ ಒಂದು ಗುಂಟೆ ಇಲ್ಲದ ಜನ ಇದ್ರು. ಗುತ್ತಿಗೆ ಹಣ ಪಹಣಿ ಇದ್ದೋರಿಗೆ. ಇವರಿಗೆ ಹೊಲವೂ ಹೋಯ್ತು, ಕೂಲಿಯೂ ಹೋಯ್ತು. ನೆಲ 'ಬರಡು' ಅಂದ್ಬಿಟ್ರೆ ಅಲ್ಲಿ ಕೆಲಸ ಮಾಡ್ತಿದ್ದೋರು ಇರಲೇ ಇಲ್ಲ ಅಂತ ಆಗೋಗತ್ತೆ. ಒಂದು ಪದ ಮಾಡೋ ಕೆಲಸ ನೋಡಿ. ಯಾರೂ ಸುಳ್ಳು ಹೇಳ್ಲಿಲ್ಲ, ಆದ್ರೂ ಜನ ಮಾಯ.

ಇನ್ನೊಂದು ಲೆಕ್ಕ. ಗುತ್ತಿಗೆ ಎಕರೆಗೆ ವರ್ಷಕ್ಕೆ 21,000, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ, 28 ವರ್ಷಕ್ಕೆ. ಕೇಳೋಕೆ ಚೆನ್ನಾಗಿದೆ. ಕ್ಯಾಲ್ಕುಲೇಟರ್ ತೆಗೀರಿ. 21,000 ಅಂದ್ರೆ ತಿಂಗಳಿಗೆ ಎಕರೆಗೆ 1,750. ಹದಿಮೂರು ಸಲ ಶೇ 5 ಏರಿದ ಮೇಲೆ, ಕೊನೇ ಎರಡು ವರ್ಷದಲ್ಲಿ ಅದು ಹತ್ತಿರ ಹತ್ತಿರ 39,600. ರಿಸರ್ವ್ ಬ್ಯಾಂಕ್ ಬೆಲೆ ಏರಿಕೆಗೆ ಇಟ್ಕೊಂಡಿರೋ ಗುರಿಯೇ ವರ್ಷಕ್ಕೆ ಶೇ 4. ಆ ಗುರಿ ತಪ್ಪದೇ ಇದ್ರೂ, ಮೊದಲ ವರ್ಷ 21,000ಕ್ಕೆ ಬರ್ತಿದ್ದ ಸಾಮಾನು ತರೋಕೆ 26 ವರ್ಷ ಆದ್ಮೇಲೆ 58,000ಕ್ಕೂ ಜಾಸ್ತಿ ಬೇಕು. ಏರಿಕೆ ಅಂತ ಬರೆದಿದ್ದು ನಿಜವಾದ ಬೆಲೇಲಿ ಇಳಿಕೆ. ಇದು ನಾನು ಕ್ಲಾಸ್ ನೋಟ್ಸ್ ಹಿಂದಿನ ಪುಟದಲ್ಲಿ ಹಾಕಿದ ಲೆಕ್ಕ, ರಹಸ್ಯ ಏನಲ್ಲ. 'ಶೇ 5 ಏರಿಕೆ' ಅನ್ನೋ ಸಾಲಲ್ಲಿ ಸುಳ್ಳಿಲ್ಲ. ಅರ್ಧ ಲೆಕ್ಕ ಇದೆ. ಪಿಆರ್‌ನಲ್ಲಿ ನನಗೆ ಮೊದಲು ಕಲಿಸಿದ್ದು ಅರ್ಧ ಲೆಕ್ಕ ಬರಿಯೋದನ್ನ.

ಭಾಗ 7

ಚಿಕ್ಕದೊಂದು ಹಿಸ್ಟರಿ. ಪಿಆರ್‌ಗೆ ಅಪ್ಪ ಅಂತ ಕರಿಯೋ ಇಬ್ಬರು ಮೂವರಲ್ಲಿ ಐವಿ ಲೀ ಅಂತ ಒಬ್ಬ ಅಮೆರಿಕದವನು. 1906ರಲ್ಲಿ ಪತ್ರಿಕೆಗಳಿಗೆ ಒಂದು ಘೋಷಣೆ ಕಳಿಸಿದ: ನಮ್ಮ ಕೆಲಸ ಗುಟ್ಟಿಂದಲ್ಲ, ನಿಜವಾದ ಮಾಹಿತಿ ಬೇಗ ಕೊಡ್ತೀವಿ ಅಂತ. ಅದೇ ವರ್ಷ ರೈಲು ಅಪಘಾತ ಆದಾಗ ಮುಚ್ಚಿಡದೆ ಪತ್ರಕರ್ತರಿಗೆ ವಿವರ ಕೊಡಿಸಿದ. ಚೆಂದ. ಎಂಟು ವರ್ಷ ಆದ್ಮೇಲೆ, 1914ರಲ್ಲಿ, ಕೊಲರಾಡೊದ ಲಡ್ಲೊದಲ್ಲಿ ಮುಷ್ಕರ ಹೂಡಿದ ಗಣಿ ಕಾರ್ಮಿಕರ ಡೇರೆಗಳ ಮೇಲೆ ದಾಳಿ ಆಗಿ ಹೆಂಗಸರು ಮಕ್ಕಳು ಸತ್ರು. ಗಣಿ ಮಾಲೀಕರಾದ ರಾಕ್‌ಫೆಲ್ಲರ್ ಪರವಾಗಿ ಕರಪತ್ರ ಹಂಚಿದವನೂ ಇದೇ ಲೀ. ಅದರಲ್ಲಿ ತಪ್ಪು ಮಾಹಿತಿ ಇತ್ತು, ಮಾಲೀಕರ ಕಡೆಯವರು ಕೊಟ್ಟಿದ್ದನ್ನ ಪರೀಕ್ಷೆ ಮಾಡದೆ ಹಾಕಿದ್ದ. ಅಪ್ಟನ್ ಸಿಂಕ್ಲೇರ್ ಅವನಿಗೆ 'ಪಾಯ್ಸನ್ ಐವಿ' ಅಂತ ಹೆಸರಿಟ್ಟ.

ನಾನೇನೂ ಲಡ್ಲೊ ಮಾಡಿಲ್ಲ ಅಂತ ನನಗೂ ಗೊತ್ತು, ಕಾಮೆಂಟಲ್ಲಿ ಹೇಳೋಕೆ ಬರಬೇಡಿ. ಆದ್ರೆ 'ಅವರು ಕೊಟ್ರು, ನಾನು ಹಾಕಿದೆ' ಅನ್ನೋ ವಾಕ್ಯ ನೂರು ವರ್ಷದಿಂದ ಒಂದೇ ಇದೆ.

ಭಾಗ 8

ಹಿಂದಿನ ಪೋಸ್ಟಿಗೆ ಬಂದ ಉತ್ತರ. 'ನೀನು ಕಲಿಯೋಕೆ ಹೋಗಿದ್ದು, ತಿದ್ದೋಕಲ್ಲ', 'ಸರ್ಟಿಫಿಕೇಟ್ ಕೊಡಲ್ಲ ಅಂದ್ರೆ ಏನ್ ಮಾಡ್ತೀಯ', 'ಎಲ್ರೂ ಇದನ್ನೇ ಮಾಡೋದು ಗುರು'. ಸರ್ಟಿಫಿಕೇಟ್ ಭಯ ನನಗೂ ಇದೆ, ಅದಕ್ಕೇ ಹೆಸರು ಬ್ಲರ್ ಮಾಡಿರೋದು. ಧೈರ್ಯವಂತೆ ಅಂತ ತೋರಿಸ್ಕೊಳ್ತಿಲ್ಲ.

ಆದ್ರೆ 'ಎಲ್ರೂ' ಅನ್ನೋದು ನಮ್ಮ ಬುಡಕ್ಕೂ ಬರತ್ತೆ. ನಮ್ಮಲ್ಲೇ ಎಷ್ಟು ಜನ ಲೇಔಟ್‌ದು, ಕೋಚಿಂಗ್ ಸೆಂಟರ್‌ದು, ಬೇಕರಿದು ರೀಲ್ ಮಾಡಿ ದುಡ್ಡೋ ಕೇಕೋ ತಗೊಂಡು 'ಸುಮ್ನೆ ಹೋಗಿದ್ದೆ ಕಣ್ರೋ, ಸೂಪರ್' ಅಂತೀವಿ? 2021ರಿಂದಲೇ ಜಾಹೀರಾತು ಮಾನದಂಡ ಮಂಡಳಿಯ ನಿಯಮ ಇದೆ, ದುಡ್ಡು ಅಥವಾ ಫ್ರೀ ವಸ್ತು ತಗೊಂಡ್ರೆ ಪೋಸ್ಟಲ್ಲೇ ಕಾಣೋ ಹಂಗೆ ಹೇಳ್ಬೇಕು ಅಂತ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೇಲಿ ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕೋ ಅಧಿಕಾರ ಇದೆ, ಅದಕ್ಕೆ ಮುಖ ಕೊಟ್ಟವರಿಗೂ ಸೇರಿ. ನಮ್ಮ ಎರಡು ಸಾವಿರ ಫಾಲೋವರ್ ಅಕೌಂಟಿಗೆ ಯಾರೂ ನೋಟಿಸ್ ಕಳಿಸಲ್ಲ, ನಿಜ. ಆದ್ರೆ ಆ ರೀಲ್ ನೋಡಿ ಸೈಟಿಗೆ ಅಡ್ವಾನ್ಸ್ ಕೊಡೋನು ಯಾರೋ ಅಲ್ಲ, ನಮ್ಮ ಕ್ಲಾಸ್‌ಮೇಟ್ ಅಪ್ಪ.

ಪಿಆರ್‌ಗೆ ಹೋಗಬೇಡಿ ಅಂತಿಲ್ಲ. ಹೋಗಿ. ಪ್ರಕಟಣೆ ಬರಿಯೋದು ಕಲೀರಿ, ಅದು ಒಳ್ಳೇ ವಿದ್ಯೆ, ನಾಳೆ ನಿಮ್ಮ ಸ್ತ್ರೀಶಕ್ತಿ ಸಂಘಕ್ಕೋ ಊರ ಕೆರೆ ಜಗಳಕ್ಕೋ ಬೇಕಾಗತ್ತೆ. ಆದ್ರೆ ಇನ್ನೊಬ್ಬರ ಬಾಯಿಗೆ ಮಾತು ಹಾಕೋ ಪ್ಯಾರಾ ಬಂದಾಗ ಕೈ ಎತ್ತಿ, 'ನಂಬರ್ ಕೊಡಿ ಸರ್, ಒಂದು ಫೋನ್ ಮಾಡ್ತೀನಿ' ಅನ್ನಿ. ಎರಡು ನಿಮಿಷದ ಕೆಲಸ. ಅದನ್ನೂ ಬೇಡ ಅನ್ನೋ ಆಫೀಸಿಗೆ ನೀವು ಫ್ರೀಯಾಗಿ ಯಾಕೆ ದುಡೀತೀರ?

ಭಾಗ 9

ಹೋದ ಭಾನುವಾರ ಹೋಗಿದ್ದೆ. ಮಧುಗಿರಿ ಬಸ್ ಸ್ಟ್ಯಾಂಡಿಂದ ಪಾವಗಡ, ಅಲ್ಲಿಂದ ಆಟೊ. ಈ ಫೋಟೊ ಘಟಕದ್ದು, ಅಜ್ಜಿದಲ್ಲ. ಅಜ್ಜಿ ಫೋಟೊ ಬೇಡ ಅಂದ್ರು.

ಅತ್ತೆ ಮಧ್ಯ ಕೂತು ತೆಲುಗು ಕನ್ನಡ ಮಾಡಿದ್ರು. ನಾನು ಕಟಿಂಗ್ ತೆಗೆದು ನಾನೇ ಬರೆದಿದ್ದು ಅಂತ ಹೇಳಿದೆ. ಅಜ್ಜಿಗೆ ಸಿಟ್ಟು ಬರ್ಲಿಲ್ಲ, ಅದು ಬಂದಿದ್ರೆ ಚೆನ್ನಾಗಿರ್ತಿತ್ತು. 'ಓದು' ಅಂದ್ರು. ಓದಿದೆ. 'ಇಷ್ಟು ದೊಡ್ಡ ಮಾತು ಯಾರ್ ಮಾತಾಡ್ತಾರೆ' ಅಂತ ನಕ್ಕರು.

ಆಮೇಲೆ ಕೇಳಿದೆ, ನೀರು ಹೆಂಗಿದೆ ಅಂತ. ನೀರು ಚೆನ್ನಾಗೇ ಇದೆಯಂತೆ. ಬೋರ್‌ವೆಲ್ ನೀರಿನ ಫ್ಲೋರೈಡ್‌ಗೆ ಆ ಕಡೆ ಎಷ್ಟು ಜನರ ಹಲ್ಲು, ಮೂಳೆ ಹಾಳಾಗಿದೆ ಅಂತ ನಮಗೆಲ್ಲ ಗೊತ್ತು, ಘಟಕ ಬೇಕೇ ಬೇಕಿತ್ತು. ಆದ್ರೆ ಬಾಗಿಲು ತೆಗೆಯೋದು ತಡ. ಅಷ್ಟೊತ್ತಿಗೆ ಮನೆಯವರೆಲ್ಲ ಕೂಲಿಗೆ ಹೋಗಿರ್ತಾರೆ. ಐದು ರೂಪಾಯಿ ಕಾಯಿನ್ ಹಾಕಿದ್ರೆ ಒಂದೇ ಸಲಕ್ಕೆ 20 ಲೀಟರ್ ಬೀಳತ್ತೆ, ನಡುವೆ ನಿಲ್ಲಿಸೋಕಾಗಲ್ಲ. ಅಷ್ಟು ಭಾರ ಎತ್ತೋಕೆ ಅವರ ಮಂಡಿ ಬಿಡಲ್ಲ. ಎರಡು ಬಿಂದಿಗೆಗೆ ಆಗೋ ಹಂಗೆ ಅರ್ಧ ಅರ್ಧ ಬಿಟ್ರೆ ಎರಡು ಸಲ ಬಂದು ತಗೊಂಡು ಹೋಗ್ತಾರೆ. ಇಲ್ದಿದ್ರೆ ಹಳೇ ಬೋರ್ ನೀರೇ. ಈಗಲೂ ಅದನ್ನೇ ಕುಡೀತಿದಾರೆ.

ಬೇಕಾಗಿರೋದು ಇಷ್ಟೇ. ಬಾಗಿಲು ಸ್ವಲ್ಪ ಬೇಗ, ಮೆಷಿನ್‌ಗೆ ಒಂದು ಸಣ್ಣ ಬದಲಾವಣೆ. ಉದ್ಘಾಟನೆ ದಿನ ಶಾಲು ಹಾಕೋ ಮುಂಚೆ ಒಂದು ಮಾತು ಕೇಳಿದ್ರೆ ಗೊತ್ತಾಗ್ತಿತ್ತು. ನಾನು ಫೋನ್ ಮಾಡಿದ್ರೂ ಗೊತ್ತಾಗ್ತಿತ್ತು.

ಇದನ್ನೆಲ್ಲ ಬರೆದು ಆಫೀಸಿಗೆ ಮೇಲ್ ಮಾಡಿದೀನಿ, ಕಂಪನಿಯವರಿಗೆ ತಲುಪಿಸಿ ಅಂತ. 'ನೋಟೆಡ್' ಅಂತ ಬಂತು, ಅಷ್ಟೇ. ಕಾಲೇಜಿಗೆ ಕೊಡೋ ರಿಪೋರ್ಟಿನ ಕೊನೇಲಿ ಎರಡು ಹಾಳೆ ಸೇರಿಸಿದೀನಿ. ಒಂದು, ನಾನು ಬರೆದ ಅತೀವ ಹರ್ಷ. ಇನ್ನೊಂದು, ಅಜ್ಜಿ ಹೇಳಿದ್ದು, ಅತ್ತೆ ಮಾಡಿದ ಕನ್ನಡದಲ್ಲಿ. ಅದನ್ನ ಬರೆದ ಮೇಲೆ ಅಜ್ಜಿಗೆ ಮತ್ತೆ ಓದಿ ಹೇಳಿಸಿದೆ, ಸರೀನಾ ಅಂತ.

ಒಂದು ಕಡೆ ತಡೆದ್ರು. ಬಾಗಿಲು ತೆಗೆಯೋದು ಹನ್ನೊಂದು ಗಂಟೆಗಲ್ಲ, ಹನ್ನೊಂದೂವರೆಗೆ. ಸರಿ ಮಾಡ್ಕೋ ಅಂದ್ರು. ಮಾಡ್ಕೊಂಡೆ.